ಪೂಜೆಗೆ ನಿಂತ ಕಾರು

“ಬುದ್ಧಿ, ಗುರು ಹೇಳಿದ ಮಾತಿನಲ್ಲಿ ಶಿಷ್ಯನಿಗೆ ಅನುಮಾನ ಬಂದರೆ, ಅದನ್ನು ಬಾಯಿಬಿಟ್ಟು ಕೇಳುವುದು ಅಪಚಾರವೇ?”

ಮಠದ ಜಗಲಿಯಲ್ಲಿ ಕುಳಿತಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಡಾಕ್ಟರಿದ್ದ. ಅವನಿಗೊಂದು ಪುಟ್ಟ ಕಾರಿತ್ತು. ಮುಂದೆ ಗಿಡ್ಡ ಮೂತಿ. ಹಿಂದೆ ಉದ್ದನೆಯ ಡಿಕ್ಕಿ ಇಲ್ಲ, ಮೇಲಕ್ಕೆತ್ತುವ ಒಂದು ಬಾಗಿಲು ಅಷ್ಟೆ. ನಾಲ್ಕು ಜನ ಕೂತರೆ ಐದನೆಯವರ ಉಸಿರಿಗೂ ಜಾಗವಿಲ್ಲ. ಆದರೂ ಆ ಕಾರು ಹೋಗದ ಹಳ್ಳಿ ಸುತ್ತಮುತ್ತ ಇರಲಿಲ್ಲ. ಕೆಸರಿನಲ್ಲಿ ಹೂತರೆ ರೋಗಿಯ ಮನೆಯವರೇ ಬಂದು ಅದನ್ನು ಎತ್ತಿ ದಾರಿಗೆ ಇಡುತ್ತಿದ್ದರು. ಡಾಕ್ಟರ್ ತನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವಳ ಕಾಲು ಬ್ರೇಕಿಗೆ ಎಟುಕುವಂತಾದಾಗ ಓಡಿಸುವುದನ್ನೂ ಕಲಿಸಿದ. ಗೇರು ಕಿರುಗುಟ್ಟಿದಾಗಲೆಲ್ಲ ಅವಳನ್ನು ಬೈಯದೆ ಕಾರನ್ನು ಬೈಯುತ್ತಿದ್ದ.

ಡಾಕ್ಟರ್ ತೀರಿಕೊಂಡ. ಕಾರು ಮನೆಯ ಮುಂದೆ ನಿಂತಿತು.

ಆ ವರ್ಷದ ಆಯುಧಪೂಜೆಗೆ ಊರಿನವರು ಬಿಂದಿಗೆ ಹಿಡಿದು ಬಂದರು. ಅವನ ಮದ್ದಿನಿಂದ ಬದುಕಿದವರು, ಅವನ ಕೈಯಲ್ಲಿ ಹುಟ್ಟಿದವರು ಎಲ್ಲರೂ ಸೇರಿ ಕಾರಿಗೆ ನೀರು ಹೊಯ್ದು ತೊಳೆದರು. ಗಾಜಿಗೆ ವಿಭೂತಿ ಎಳೆದರು. ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿದರು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು. ಇನ್ನು ಕಾರು ಮುಂದಕ್ಕೆ ಹೋಗಿ ನಿಂಬೆಹಣ್ಣನ್ನು ಹೊಸಕಬೇಕು. ಮಗಳು ಕೀಲಿ ತರಲು ಎದ್ದಳು. ಡಾಕ್ಟರು ಕೂತ ಜಾಗದಲ್ಲಿ ಇನ್ನೊಬ್ಬರು ಕೂರುವುದು ಬೇಡ, ತಳ್ಳಿದರೆ ಸಾಕು ಎಂದು ಅವಳ ದೊಡ್ಡಪ್ಪ ತಡೆದರು. ಅಪ್ಪನ ಮೇಲೆ ಇವರಿಗೆಲ್ಲ ಎಷ್ಟು ಗೌರವ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಕುಳಿತುಕೊಂಡಳು. ಅವರು ತಳ್ಳಿದರು.

ಮರುವರ್ಷವೂ ತಳ್ಳಿದರು. ಅದರಾಚೆ ಟಯರುಗಳು ಗಾಳಿ ಕಳೆದುಕೊಂಡು ಕೂತವು; ಹೆಚ್ಚು ಜನ ಸೇರಿ ತಳ್ಳಿದರು. ಆಮೇಲೆ ಚಕ್ರಗಳೇ ಕಚ್ಚಿಕೊಂಡವು. ಎಷ್ಟು ತಳ್ಳಿದರೂ ಅಲುಗಲಿಲ್ಲ. ಆಗ ದೊಡ್ಡಪ್ಪ ಒಂದು ಉಪಾಯ ಮಾಡಿದರು. ನಿಂಬೆಹಣ್ಣುಗಳನ್ನು ಚಕ್ರದ ಪಕ್ಕದಲ್ಲಿಟ್ಟು ತಮ್ಮ ಹಿಮ್ಮಡಿಯಿಂದ ತುಳಿದರು. ಕಾರು ಹೊರಟಂತಾಯಿತು ಎಂದು ಎಲ್ಲರೂ ಕೈಮುಗಿದರು. ಮಾವಿನೆಲೆಯ ತೋರಣ ಪದೇ ಪದೇ ಜಾರುತ್ತದೆಂದು ಕಾರಿನ ನೆತ್ತಿಗೆ ಅವರೇ ಎರಡು ಮೊಳೆ ಹೊಡೆದರು.

ಮಗಳಿಗೆ ಕಾರನ್ನು ಸರಿಮಾಡಿ ಓಡಿಸುವ ಆಸೆ. ಊರಿಗೆ ಡಾಕ್ಟರ್ ದೇವರಾಗಿಬಿಟ್ಟಿದ್ದ. ಅವಳಿಗೆ ಬೇಕಾಗಿದ್ದವನು, ಚಳಿಗೆ ಸ್ಟಾರ್ಟ್ ಆಗದ ಕಾರಿನೊಡನೆ ಬೆಳಬೆಳಿಗ್ಗೆ ಜಗಳವಾಡುತ್ತಿದ್ದ ಅಪ್ಪ. ಅವ್ವನನ್ನು ಕೇಳಿದಳು. ದೊಡ್ಡಪ್ಪನನ್ನು ಕೇಳು ಎಂದರು ಅವ್ವ. ಅದು ಈಗ ನಮ್ಮ ಮನೆಯದಾಗಿ ಉಳಿದಿಲ್ಲ, ಊರನ್ನು ಕೇಳು ಎಂದರು ದೊಡ್ಡಪ್ಪ. ಈ ಸಲದ ಪೂಜೆಯೊಂದು ಮುಗಿಯಲಿ, ನೋಡೋಣ ಎಂದರು ಊರಿನ ಹಿರಿಯರು. ಆ ಸಲದ್ದು ಮುಗಿಯಿತು, ಮುಂದಿನ ಸಲದ್ದು ಬಂತು. ಕೇಳುವುದು ಅವಳಿಗೆ ರೂಢಿಯಾಯಿತು. ಮುಂದಕ್ಕೆ ಹಾಕುವುದು ಅವರಿಗೆ ರೂಢಿಯಾಯಿತು. ಹಿರಿಯರ ಮಾತು ಮೀರದ ಹುಡುಗಿ ಎಂದು ಊರಿನಲ್ಲಿ ಅವಳಿಗೆ ಹೆಸರು ಬಂತು. ಆ ಹೆಸರು ಅವಳಿಗೆ ಹಿತವಾಗಿಯೂ ಇತ್ತು.

ಒಂದು ಮಳೆಗಾಲದ ಕೊನೆಗೆ, ಕಾರಿನ ಬಾಗಿಲ ಕೆಳಗಿನಿಂದ ಕೆಂಪು ನೀರು ತೊಟ್ಟಿಕ್ಕುವುದನ್ನು ಅವಳು ಕಂಡಳು. ಕುಂಕುಮವೆಂದುಕೊಂಡಳು. ಬೆರಳಿಗೆ ಹಚ್ಚಿ ಉಜ್ಜಿದಳು. ಕುಂಕುಮವಲ್ಲ, ತುಕ್ಕು.

ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಒಳಗಿನ ಮ್ಯಾಟ್ ಎತ್ತಿ ತಳವನ್ನು ತಟ್ಟಿದ. ಕೈ ತಗಡನ್ನು ತೂರಿಕೊಂಡು ನೆಲಕ್ಕೆ ತಾಗಿತು. ಮೊಳೆಯ ತೂತಿನಿಂದ ಇಳಿದ ನೀರೆಲ್ಲ ಮ್ಯಾಟಿನ ಕೆಳಗೆ ನಿಂತಿತ್ತು. ಅಲ್ಲಿಯೇ ಹೂವಿನ ಎಸಳು ಕೊಳೆತಿತ್ತು, ತೆಂಗಿನಕಾಯಿಯ ನೀರು ಹುಳಿತಿತ್ತು. ಇಂಜಿನ್ನಿಗೆ ಏನೂ ಆಗಿಲ್ಲ, ಬಿಚ್ಚಿ ತೊಳೆದರೆ ತಿರುಗುತ್ತದೆ, ಆದರೆ ಇನ್ನೊಂದು ಸಲ ಈ ಕಾರಿಗೆ ಸ್ನಾನವಾದರೆ ವೆಲ್ಡಿಂಗ್ ಹಿಡಿಯಲು ತಗಡೇ ಉಳಿಯುವುದಿಲ್ಲ ಎಂದ. ಆಮೇಲೆ ಅವಳ ಮುಖ ನೋಡಿ, ಗುಜರಿಯವನಿಗೆ ಹೇಳಿಕಳಿಸಲೇ ಎಂದು ಮೆಲ್ಲಗೆ ಕೇಳಿದ. ಬೇಡ, ನಿನ್ನ ಜಾಕ್ ಬಿಟ್ಟು ಹೋಗು ಎಂದಳು.

ಮಾರನೆಯ ದಿನವೇ ಆಯುಧಪೂಜೆ. ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ಬೆಳಕು ಹರಿಯುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿಗೆ ಜಾಕ್ ಕೊಟ್ಟಳು. ಚಕ್ರ ಬಿಚ್ಚಿದಳು. ಸೀಟು ತೆಗೆದಳು. ಬಾಗಿಲು ಕಳಚಿದಳು. ಬಾನೆಟ್ಟನ್ನು ಗೋಡೆಗೆ ಒರಗಿಸಿದಳು. ಬೋಲ್ಟುಗಳನ್ನು ಅಪ್ಪನ ಖಾಲಿ ಮಾತ್ರೆ ಸೀಸೆಗಳಿಗೆ ಹಾಕಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ಮೇಲೆ ಅಂಟಿಸಿ, ಯಾವುದು ಎಲ್ಲಿಯದೆಂದು ಬರೆದಿಟ್ಟಳು. ಅವ್ವ ಹೊಸಿಲಲ್ಲಿ ನಿಂತು ನೋಡಿದರು. ಬೇಡ ಎನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲ ಸದ್ದಿಗೆ ಅವಳ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸ್ಪಾನರ್ ಹಿಡಿಯಿತು.

ಊರಿನವರು ಹಾರ, ಬಿಂದಿಗೆ ಹಿಡಿದು ಬಂದರು. ದೊಡ್ಡಪ್ಪ ಮುಂದಿದ್ದರು.

“ಇದೇನವ್ವಾ, ಅಪ್ಪ ಜೀವ ಉಳಿಸೋ ಡಾಕ್ಟರು, ಮಗಳು ಪೋಸ್ಟ್‌ಮಾರ್ಟಮ್ಮಿಗೆ ಇಳಿದುಬಿಟ್ಟಿದ್ದಾಳಲ್ಲ” ಎಂದರು. ಗುಂಪು ನಕ್ಕಿತು.

“ಅದು ಸತ್ತವರಿಗೆ ಮಾಡೋದು ದೊಡ್ಡಪ್ಪ. ಇದು ಆಪರೇಷನ್ನು. ಬಿಂದಿಗೆ ಆಚೆ ಇಡಿ, ರೋಗಿಗೆ ನೀರು ತಗುಲಬಾರದು.”

ಗುಂಪಿನ ನಗು ನಿಂತಿತು. ಊರಿನ ಭಕ್ತಿಗೆ ಒದ್ದಳು ಎಂದರು ಒಬ್ಬರು. ಡಾಕ್ಟರ ಹೊಟ್ಟೆಯಲ್ಲಿ ಇಂಥವಳು ಹುಟ್ಟಿದಳೇ ಎಂದರು ಇನ್ನೊಬ್ಬರು. ದೊಡ್ಡಪ್ಪ ಮಾತ್ರ ಹತ್ತಿರ ಬಂದು ದನಿ ತಗ್ಗಿಸಿದರು. ಇವತ್ತೊಂದು ದಿನ ಮೊದಲಿದ್ದ ಹಾಗೆ ಜೋಡಿಸು, ಪೂಜೆ ಮುಗಿಯಲಿ, ನಾಳೆ ನಾನೇ ಮುಂದೆ ನಿಂತು ರಿಪೇರಿ ಮಾಡಿಸುತ್ತೇನೆ ಎಂದರು. ಕೇಳದಿದ್ದರೆ ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದೂ ಸೇರಿಸಿದರು.

ಹಿಂದಾಗಿದ್ದರೆ ಅವಳು ಒಪ್ಪುತ್ತಿದ್ದಳು. ಅಪ್ಪ ಹೋದ ಮೇಲೆ ಆ ಮನೆಗೆ ಗಂಡಸಿನ ಆಸರೆ ಎಂದರೆ ಅವರೊಬ್ಬರೇ. ಅವಳು ಇಕ್ಕಳ ತೆಗೆದುಕೊಂಡಳು. ಕಾರಿನ ನೆತ್ತಿಯ ಮೇಲಿದ್ದ ಎರಡು ಮೊಳೆಗಳನ್ನೂ ಕಿತ್ತಳು. ದೊಡ್ಡಪ್ಪನ ಅಂಗೈ ಬಿಡಿಸಿ ಅದರಲ್ಲಿಟ್ಟಳು. ಇವು ನಿಮ್ಮವು, ತೆಗೆದುಕೊಂಡು ಹೋಗಿ ಎಂದಳು.

ಅವರು ಮೊಳೆಗಳನ್ನು ನೋಡಿದರು. ಮೊಳೆ ಇದ್ದ ತೂತುಗಳನ್ನು ನೋಡಿದರು. ಆ ತೂತುಗಳಿಂದ ಇಳಿದ ಬಿಸಿಲು ಕಾರಿನ ತಳದಲ್ಲಿ ನಿಲ್ಲದೆ ಮಣ್ಣಿನ ಮೇಲೆ ಬಿದ್ದಿದ್ದನ್ನೂ ನೋಡಿದರು. ಹೊರಟುಹೋದರು. ಆ ವರ್ಷವೆಲ್ಲ ಆ ಮನೆಗೆ ಕಾಲಿಡಲಿಲ್ಲ. ಊರಿನವರು ಸ್ವಲ್ಪ ಹೊತ್ತು ನಿಂತಿದ್ದರು. ಹಾರ ಹಾಕಲು ಬಾನೆಟ್ಟಿರಲಿಲ್ಲ, ನಿಂಬೆಹಣ್ಣು ಇಡಲು ಚಕ್ರವಿರಲಿಲ್ಲ. ಅವರೂ ಹೋದರು. ಅವಳು ಉಪ್ಪುಕಾಗದ ಮಡಚಿಕೊಂಡು ತುಕ್ಕು ಉಜ್ಜಲು ಕುಳಿತಳು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಕಾರು ಕೊನೆಗೆ ಓಡಿತೇ ಎಂದು ಶಿಷ್ಯ ಕೇಳಿದ. ಅವಳು ಇನ್ನೂ ಉಜ್ಜುತ್ತಿದ್ದಾಳೆ ಎಂದರು ಗುರುಗಳು.

ಶಿಷ್ಯ ಕೈ ಜೋಡಿಸಿದ.

“ನನ್ನ ಅನುಮಾನ ಇರುವುದು ತಾವು ಹೇಳಿದ ಮಾತಿನಲ್ಲಿಯೇ, ಬುದ್ಧಿ. ತಮ್ಮ ಅಪ್ಪಣೆಯಾದರೆ ಕೇಳುತ್ತೇನೆ.”

“ಅವಳು ಅಪ್ಪಣೆ ಕೇಳುತ್ತಿದ್ದಷ್ಟು ಕಾಲವೂ ಕಾರಿಗೆ ತುಕ್ಕು ಹಿಡಿಯುತ್ತಲೇ ಇತ್ತು” ಎಂದರು ಗುರುಗಳು.