ಮಾಸ್ತಮ್ಮನ ಭರಣಿಗಳು ಬಂಡೆಪಟ್ಟಣ ಸೇರಿದ್ದು

ಹೊಂಗೆಕಾಡು ಅಂತ ಒಂದು ಕಾಡು. ಅಲ್ಲೊಬ್ಬಳು ಮುಳ್ಳುಹಂದಿ, ಹೆಸರು ಮಾಸ್ತಮ್ಮ. ಮೈಮೇಲೆ ಎಷ್ಟು ಮುಳ್ಳಿತ್ತೋ ಮಾತಿನಲ್ಲೂ ಅಷ್ಟೇ ಇತ್ತು. ಆದರೆ ಕೈಗುಣ ಅಂದರೆ ಅವಳದೇ ಕೈಗುಣ! ಅವಳು ಹಾಕಿದ ಉಪ್ಪಿನಕಾಯಿ ನೆನೆಸಿಕೊಂಡರೆ ಸಾಕು, ಮರದ ಮೇಲಿನ ಮಂಗನಿಂದ ಹಿಡಿದು ಬಿಲದೊಳಗಿನ ಹೆಗ್ಗಣದವರೆಗೆ ಎಲ್ಲರ ಬಾಯಲ್ಲೂ ನೀರೂರುತ್ತಿತ್ತು.

ಹೊಳೆಯಾಚೆ ಬೆಟ್ಟದ ಮೇಲೆ ಬಂಡೆಪಟ್ಟಣ ಇತ್ತು. ಅದು ಪ್ರಾಣಿಗಳದೇ ಪಟ್ಟಣ. ಬಂಡೆಯ ಮೇಲೆ ಬಂಡೆ, ಗುಹೆಯ ಮೇಲೆ ಗುಹೆ, ಸಂದಿಗೊಂದಿಯಲ್ಲೆಲ್ಲ ಅಂಗಡಿ. ಅಲ್ಲೊಂದು ಉಪ್ಪಿನಕಾಯಿ ಅಂಗಡಿ ಇಡಬೇಕು ಅಂತ ಮಾಸ್ತಮ್ಮನಿಗೆ ಎಷ್ಟೋ ವರ್ಷದ ಆಸೆ. ಕೊನೆಗೂ ಪಟ್ಟಣದ ಯಜಮಾನಿ, ಆನೆ ನಿಂಗಜ್ಜಿ, ಅತ್ತಿಮರದ ಕೆಳಗೆ ಒಂದು ಮೂಲೆ ಕೊಟ್ಟಳು. ಕೊಡುವಾಗಲೇ ಒಂದು ಮಾತು ಹೇಳಿದಳು.

"ನೋಡವ್ವ, ಹುಣ್ಣಿಮೆ ಸಂಜೆಯೊಳಗೆ ಅಂಗಡಿ ತೆರೀಬೇಕು. ಇಲ್ಲದಿದ್ರೆ ಆ ಜಾಗ ಕರಡಿಯ ಜೇನಂಗಡಿಗೆ ಹೋಗುತ್ತೆ. ಅವನೂ ಬಹಳ ದಿನದಿಂದ ಕಾಯ್ತಾ ಇದ್ದಾನೆ."

ನಾಳೆ ಹುಣ್ಣಿಮೆ. ಮಾಸ್ತಮ್ಮನ ಬಿಲದ ಮುಂದೆ ಭರಣಿಗಳ ಸಾಲು ನಿಂತಿತ್ತು. ಮಾವು, ನಿಂಬೆ, ನೆಲ್ಲಿ, ಕಳಲೆ, ಅಮಟೆ. ವರ್ಷವಿಡೀ ಬೆವರು ಸುರಿಸಿ ಹಾಕಿದ್ದೆಲ್ಲ ಆ ಭರಣಿಗಳಲ್ಲಿತ್ತು. ಅವು ಒಡೆದರೆ ಅಂಗಡಿಯೂ ಇಲ್ಲ, ಮೂಲೆಯೂ ಇಲ್ಲ.

ಸಾಮಾನು ಹೊರುವುದಕ್ಕೆ ಕಾಡುಕೋಣ ಬೋರಣ್ಣ ಬಂದ. ಅವನ ಕೊರಳಲ್ಲಿ ಕಂಚಿನ ಗಂಟೆ ಇತ್ತು. ಆ ಗಂಟೆ ಸುಮ್ಮನೆ ಸಿಗುವಂಥದ್ದಲ್ಲ. ಗೀಜಗನ ಮೊಟ್ಟೆಗಳ ಬುಟ್ಟಿ ಹೊತ್ತು ಹೊಳೆ ದಾಟಿಸಿ, ಒಂದೂ ಒಡೆಯದೆ ತಂದವನಿಗೆ ಮಾತ್ರ ನಿಂಗಜ್ಜಿ ತನ್ನ ಸೊಂಡಿಲಿನಿಂದ ಗಂಟೆ ಕಟ್ಟುತ್ತಿದ್ದಳು. ಗಂಟೆ ಕಟ್ಟಿಸಿಕೊಂಡವರೆಲ್ಲ ತಮ್ಮ ಕೂಲಿಯಲ್ಲಿ ಒಂದು ಪಾಲನ್ನು ಹೊಣೆಕಣಜಕ್ಕೆ ಹಾಕಬೇಕಿತ್ತು. ಯಾರದಾದರೂ ಸಾಮಾನು ದಾರಿಯಲ್ಲಿ ಹಾಳಾದರೆ ಆ ಕಣಜದಿಂದಲೇ ಕಟ್ಟಿಕೊಡುತ್ತಿದ್ದರು.

ಬೋರಣ್ಣ ಕುಳಿತು ನಿಧಾನವಾಗಿ ಕೇಳಿದ. "ಅಕ್ಕಾ, ಯಾವ ಭರಣೀಲಿ ಏನಿದೆ ಹೇಳು. ಒಂದೊಂದಾಗಿ ಹೇಳು."

"ಅದೆಲ್ಲ ನಿನಗ್ಯಾಕಯ್ಯಾ? ನೀನು ಹೊರೋನೋ ತಿನ್ನೋನೋ?"

"ಹೊಳೆ ದಡದ ಹೊಣೆಬಂಡೆ ಮೇಲೆ ನಿಂತು, ನೀರಿಗೆ ಬಂದೋರೆಲ್ಲ ಕೇಳೋ ಹಾಗೆ ನಾನು ಕೂಗಿ ಹೇಳಬೇಕಕ್ಕ. ಇಂಥದ್ದು ಇಷ್ಟು ಹೊತ್ತಿದ್ದೀನಿ, ಇದಕ್ಕೆ ನಾನು ಹೊಣೆ ಅಂತ. ಕೂಗದೆ ಹೊರಂಗಿಲ್ಲ. ಕೂಲಿಗೆ ಒಂದು ದೊಡ್ಡ ಭರಣಿ ಮಾವಿನಕಾಯಿ ಕೊಡು. ಇವತ್ತು ಮೊಲಗಳ ಮನೆ ಸಾಗಿಸೋದಿದೆ. ನಾಳೆ ಬೆಳಗ್ಗೆ ಹೊರಟರೆ ಸಂಜೆಯೊಳಗೆ ಪಟ್ಟಣ."

ದೊಡ್ಡ ಭರಣಿ! ಅದೂ ನಾಳೆಯಂತೆ! "ನೋಡೋಣ, ಹೇಳಿ ಕಳಿಸ್ತೀನಿ" ಅಂತ ಮಾಸ್ತಮ್ಮ ಮೂಗು ಮುರಿದಳು. ಬೋರಣ್ಣ ಬೇಜಾರು ಮಾಡಿಕೊಳ್ಳದೆ ಎದ್ದು ಹೋದ.

ಅವನ ಗಂಟೆಯ ಸದ್ದು ದೂರವಾಗುವುದನ್ನೇ ಪೊದೆಯ ಹಿಂದೆ ಒಬ್ಬ ಕಾಯುತ್ತಿದ್ದ. ಅವನೇ ನರಿ ಜಾಣಪ್ಪ. ಜೊತೆಗೆ ಎರಡು ಕತ್ತೆಕಿರುಬಗಳು. ಜಾಣಪ್ಪನ ಕೊರಳಲ್ಲೂ ಏನೋ ಒಂದು ನೇತಾಡುತ್ತಿತ್ತು. ಒಣಗಿದ ಸೋರೆಬುರುಡೆಗೆ ಅರಿಶಿನ ಬಳಿದು, ಒಳಗೆ ನಾಲ್ಕು ಕಲ್ಲು ಹಾಕಿದ್ದ. ಗಳಗಳ ಅನ್ನುತ್ತಿತ್ತು.

"ನಮಸ್ಕಾರ ಅಕ್ಕಾವ್ರೇ! ಪಟ್ಟಣಕ್ಕೆ ಹೊರಟಿದ್ದೀರಂತೆ? ನಿಮ್ಮಂಥೋರು ಈ ಬಿಲದಲ್ಲಿರೋದೇ ತಪ್ಪು ಬಿಡಿ. ನಾನು ಸಾಗಾಟದ ಜಾಣಪ್ಪ."

ಮಾಸ್ತಮ್ಮ ಅನುಮಾನದಿಂದ ನೋಡಿದಳು. "ಅದೇನಪ್ಪ ಕೊರಳಲ್ಲಿ? ನಿಂಗಜ್ಜಿ ಕಟ್ಟಿದ್ದಾ?"

"ಗಂಟೇನೇ ಅಕ್ಕಾವ್ರೇ, ಹೊಸ ತರದ್ದು. ಹಳೇದು ಭಾರ ಅಂತ ಅಜ್ಜೀನೇ ಈಗ ಇದನ್ನ ಕಟ್ತಾರೆ. ಕೂಲಿ ಏನು ಮಹಾ! ಒಂದು ಕುಡಿಕೆ ನಿಂಬೆಕಾಯಿ ಕೊಡಿ ಸಾಕು. ಈಗಲೇ ಹೊರಡೋಣ. ಯಾವುದರಲ್ಲಿ ಏನಿದೆ ಅಂತ ನಾವು ಕೇಳೋದೇ ಇಲ್ಲ. ದೊಡ್ಡ ಮನೆಯೋರ ಸಾಮಾನು ಕೆದಕೋದು ನಮಗೆ ಶೋಭೆ ಅಲ್ಲ."

ಈ ಬೆಣ್ಣೆ ಮಾತಿಗೆ ಮಾಸ್ತಮ್ಮ ಕರಗಿಹೋದಳು. ಭರಣಿ ಕೊಡುವ ಕಡೆ ಕುಡಿಕೆ, ನಾಳೆ ಅನ್ನುವ ಕಡೆ ಈಗಲೇ! "ಎತ್ತಿ ಮತ್ತೆ" ಅಂದಳು. ಕಿರುಬಗಳು ಭರಣಿಗಳನ್ನು ದಬದಬ ಬುಟ್ಟಿಗೆ ತುಂಬಿದಾಗ ಅವಳ ಎದೆ ಒಮ್ಮೆ ಧಸಕ್ಕೆಂದಿತು. ಆದರೇನು, ಒಪ್ಪಿಕೊಂಡ ಮೇಲೆ ಬಾಯಿ ತೆರೆಯಲು ಸಂಕೋಚ ನೋಡಿ.

"ನೀವು ಅಡ್ಡದಾರೀಲಿ ಮುಂದೆ ನಡೀರಿ ಅಕ್ಕಾವ್ರೇ. ಅಂಗಡಿ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕೋಷ್ಟರಲ್ಲಿ ಭರಣಿಗಳು ಬಂದಿರ್ತವೆ" ಅಂದ ಜಾಣಪ್ಪ. ಅವಳು ಹಾಗೇ ಮಾಡಿದಳು.

ಗುಡಿಸಿದ್ದಾಯಿತು. ನೀರು ಚಿಮುಕಿಸಿದ್ದಾಯಿತು. ರಂಗೋಲಿಯೂ ಆಯಿತು. ಭರಣಿ ಮಾತ್ರ ಬರಲಿಲ್ಲ. ಸಂಜೆಯಾಯಿತು, ಬೆಳಗೂ ಆಯಿತು. ಎದುರು ಬಂಡೆಯ ಮೇಲೆ ಕುಳಿತ ಕರಡಿ ಅವಳ ಖಾಲಿ ಮೂಲೆಯನ್ನೇ ನೋಡುತ್ತಾ, "ಅಂಗಡಿ ಇವತ್ತೇ ಅಲ್ವಾ ಮಾಸ್ತಮ್ಮ?" ಅಂದ. ಮಾಸ್ತಮ್ಮ ಬಂದ ದಾರಿಯಲ್ಲೇ ಬೆಟ್ಟ ಇಳಿದು ಓಡಿ, ಹೊಳೆ ದಾಟಿದಳು.

ಕಾಡಿನ ಕಡೆಯ ದಡದಲ್ಲಿ ಕಂಡದ್ದೇನು? ಭರಣಿಗಳೆಲ್ಲ ನೀರಂಚಿಗೆ ಸಾಲಾಗಿ ನಿಂತಿವೆ. ಆ ಕಡೆಗೊಂದು, ಈ ಕಡೆಗೊಂದು ಕಿರುಬ. ನಡುವೆ ಜಾಣಪ್ಪ ಕಾಲು ಚಾಚಿ ಒರಗಿದ್ದಾನೆ. ಹೊಣೆಬಂಡೆ ಅಲ್ಲೇ ಪಕ್ಕದಲ್ಲಿತ್ತು, ಅವನು ಅದರ ಕಡೆ ತಲೆಹಾಕಿಯೂ ಮಲಗಿರಲಿಲ್ಲ.

"ಇದೇನಯ್ಯಾ ಇದು?" ಅಂತ ಮಾಸ್ತಮ್ಮ ಕಿರುಚಿದಳು.

ಜಾಣಪ್ಪ ಆಕಳಿಸಿದ. ನಿನ್ನೆಯ "ಅಕ್ಕಾವ್ರೇ" ಎಲ್ಲೋ ಮಾಯವಾಗಿತ್ತು. "ಹೊಳೆ ಇದೆ ಅಂತ ನೀನು ಹೇಳಲೇ ಇಲ್ಲ. ಬೆಟ್ಟ ಇಷ್ಟೆತ್ತರ ಅಂತಾನೂ ಹೇಳಲಿಲ್ಲ. ಕೂಲಿ ಜಾಸ್ತಿ ಆಗುತ್ತೆ. ಅರ್ಧ ಭರಣಿ ನಮಗೆ ಬಿಡು, ಇನ್ನರ್ಧ ಮೇಲೆ ಬರುತ್ತೆ."

"ಅರ್ಧವಾ! ಹುಟ್ಟಿದಾಗಿಂದ ಈ ಹೊಳೆ ನೀರೇ ಕುಡಿದಿದ್ದೀಯ, ಹೊಳೆ ಇದೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತೋ ಇಲ್ವೋ, ಕೊಡ್ತೀಯೋ ಇಲ್ವೋ? ಇಲ್ಲ ಅಂದ್ರೆ ಇವರು ಒಂದೊಂದಾಗಿ ನೀರಿಗೆ ತಳ್ತಾರೆ."

ಕಿರುಬಗಳು ಹಿಹಿಹಿ ಅಂತ ನಕ್ಕವು. ಒಂದು ಕಿರುಬ ನೆಲ್ಲಿಕಾಯಿ ಭರಣಿಯ ಮೇಲೆ ಕಾಲಿಟ್ಟಿತು. ಮಾಸ್ತಮ್ಮನ ಪಿತ್ತ ನೆತ್ತಿಗೇರಿ ಮುಳ್ಳೆಲ್ಲ ನೆಟ್ಟಗಾದವು. ಆದರೆ ಮುಳ್ಳು ಚುಚ್ಚಲು ಹೋದರೆ ಭರಣಿ ಹೊಳೆಪಾಲು. ಅವಳು ಹಲ್ಲು ಕಚ್ಚಿ ಹಿಂದೆ ತಿರುಗಿ ಪಟ್ಟಣದ ಬಾಗಿಲಿಗೆ ಓಡಿದಳು.

ಬಾಗಿಲಲ್ಲಿ ನಿಂಗಜ್ಜಿ ನಿಂತಿದ್ದಳು. ಮೊಲಗಳ ಸಾಮಾನು ಇಳಿಸಿ ಬೋರಣ್ಣನೂ ಅಲ್ಲೇ ಇದ್ದ. ಮಾಸ್ತಮ್ಮ ಅಳುತ್ತಾ ನಡೆದದ್ದನ್ನೆಲ್ಲ ಹೇಳಿದಳು.

"ಅವನ ಕೊರಳಲ್ಲಿ ನಾನು ಕಟ್ಟಿದ ಗಂಟೆ ಇತ್ತಾ ಮಗಳೇ?" ಅಂತ ಕೇಳಿದಳು ನಿಂಗಜ್ಜಿ.

"ಸೋರೆಬುರುಡೆ ಇತ್ತು ಅಜ್ಜಿ."

"ಹೊಣೆ ಕೂಗಿದ್ನಾ?"

"ಇಲ್ಲ."

"ಹಾಗಾದ್ರೆ ಕಣಜದಿಂದ ನಿನಗೆ ಒಂದು ಕಾಳೂ ಕೊಡೋಕಾಗಲ್ಲ. ಕಣಜಕ್ಕೆ ಹಾಕಿದೋರ ಪಾಲು ಅದು. ಆದರೆ ದಾರಿಗಳ್ಳತನ ಬೇರೆ ಮಾತು. ಅದಕ್ಕೆ ನಾನೇ ಬರ್ತೀನಿ, ನಡಿ."

ಮಾಸ್ತಮ್ಮ ತಲೆ ತಗ್ಗಿಸಿದಳು. ಇನ್ನು ಬೋರಣ್ಣ ಏನೆಂದು ಆಡಿಕೊಳ್ಳುತ್ತಾನೋ ಅಂತ ಅವಳಿಗೆ ನಾಚಿಕೆ. ಅವನು ಆಡಿಕೊಳ್ಳಲಿಲ್ಲ. ನಿನ್ನೆ ಕೇಳಿದ್ದನ್ನೇ ಕೇಳಿದ. "ಯಾವ ಭರಣೀಲಿ ಏನಿದೆ ಅಕ್ಕಾ?"

ಈ ಸಲ ಅವಳು ಒಂದನ್ನೂ ಬಿಡದೆ ಹೇಳಿದಳು. ಮಾವು, ನಿಂಬೆ, ನೆಲ್ಲಿ, ಕಳಲೆ, ಅಮಟೆ. "ಆಮೇಲೆ ಒಂದು ಸಣ್ಣದು. ಬಾಯಿಗೆ ಎರಡೆರಡು ಬಟ್ಟೆ ಸುತ್ತಿ, ಮೇಲೆ ಜೇನುಮೇಣ ಮೆತ್ತಿದ್ದೀನಿ. ಅದರಲ್ಲಿರೋದು ಕಾಡುಕೆಸುವಿನ ಗೆಡ್ಡೆ. ಬರೀ ಉಪ್ಪಲ್ಲಿ ನೆನೆಹಾಕಿದ್ದೀನಿ, ಹುಣಸೆಹುಳಿ ಇನ್ನೂ ಬಿದ್ದಿಲ್ಲ. ಈಗ ಬಾಯಿಗಿಟ್ಟರೆ ಗಂಟಲೆಲ್ಲ ತುರಿಸಿ ನಾಲಿಗೆ ಊದಿಕೊಳ್ಳುತ್ತೆ. ಯಾರೂ ಮುಟ್ಟದಿರಲಿ ಅಂತಾನೇ ಅಷ್ಟು ಬಿಗಿಯಾಗಿ..."

ಮಾತು ಮುಗಿಯಲಿಲ್ಲ. ಹೊಳೆಯ ಕಡೆಯಿಂದ ಒಂದು ಊಳು ಕೇಳಿಸಿತು. ಅಯ್ಯಯ್ಯೋ, ಅಂಥ ಊಳನ್ನು ಹೊಂಗೆಕಾಡು ಯಾವತ್ತೂ ಕೇಳಿರಲಿಲ್ಲ!

ಮೂವರೂ ಇಳಿದು ಬಂದರು. ದಡದ ಮೇಲೆ ಜಾಣಪ್ಪ ಹೊರಳಾಡುತ್ತಿದ್ದ. ನಾಲಿಗೆ ಊದಿ ಹೊರಗೆ ಬಂದಿತ್ತು. ಕಿರುಬಗಳು ಮರಳಿಗೆ ಮೂತಿ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದವು. ಪಕ್ಕದಲ್ಲಿ ಎರಡು ಬಟ್ಟೆ ಸುತ್ತಿದ್ದ ಆ ಸಣ್ಣ ಭರಣಿ ಬಾಯಿ ತೆರೆದು ಬಿದ್ದಿತ್ತು. ಆಗಿದ್ದಿಷ್ಟೇ. ಅರ್ಧ ಪಾಲು ಆರಿಸುವಾಗ ಜಾಣಪ್ಪನಿಗೆ ಎದ್ದು ಕಂಡದ್ದು ಇದೊಂದೇ ಭರಣಿ. ಇಷ್ಟು ಜೋಪಾನ ಮಾಡಿದ್ದಾಳೆ ಅಂದರೆ ಎಲ್ಲಕ್ಕಿಂತ ರುಚಿ ಇದರಲ್ಲೇ ಇರಬೇಕು ಅಂತ ಮೂವರೂ ಮುಷ್ಟಿ ಮುಷ್ಟಿ ಮುಕ್ಕಿದ್ದರು.

"ಯಾಥಮ್ಮಾ... ಹೇಳ್ಲಿಲ್ಲಾ..." ಅಂತ ಜಾಣಪ್ಪ ತೊದಲಿದ.

ಮಾಸ್ತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೀನು ಕೇಳಿದ್ಯೇನೋ? ದೊಡ್ಡ ಮನೆಯೋರ ಸಾಮಾನು ಕೆದಕೋದು ನಿನಗೆ ಶೋಭೆ ಅಲ್ವಲ್ಲಪ್ಪಾ! ತಗೋ, ಚೆನ್ನಾಗಿ ತುರಿಸ್ಕೋ!"

ನೀರಿಗೆ ಬಂದ ಜಿಂಕೆ, ಮಂಗ, ನವಿಲುಗಳೆಲ್ಲ ಹೊಟ್ಟೆ ಹಿಡಿದು ನಕ್ಕವು. ನಿಂಗಜ್ಜಿ ನಗಲಿಲ್ಲ. ಸೊಂಡಿಲು ಚಾಚಿ ಆ ಸೋರೆಬುರುಡೆಯನ್ನು ಕಿತ್ತು, ಕಾಲಡಿ ಹಾಕಿ ಪುಡಿ ಮಾಡಿದಳು. "ಹಾಳು ಮಾಡಿದ ಕೆಸುವಿನ ಭರಣಿಯನ್ನ ನೀನೇ ತುಂಬಿಸಬೇಕು ಜಾಣಪ್ಪ. ನೀನೇ ಅಗೆಯಬೇಕು, ನೀನೇ ಸಿಪ್ಪೆ ತೆಗೆಯಬೇಕು. ಅದೂ ಬರಿಗೈಯಲ್ಲಿ. ಇನ್ನು ಮೇಲೆ ಯಾರ ಗಂಟುಮೂಟೆಗೂ ನಿನ್ನ ಕೈ ತಾಗಕೂಡದು!"

ಬರಿಗೈಯಲ್ಲಿ ಕೆಸು ಅಗೆಯುವುದು ಅಂದ ಕೂಡಲೇ ಜಾಣಪ್ಪನಿಗೆ ಅಲ್ಲೇ ಅಂಗೈ ತುರಿಸತೊಡಗಿತು. ಮಾಸ್ತಮ್ಮ ಸೆರಗಿನ ಗಂಟು ಬಿಚ್ಚಿ ಅವನ ಮುಂದೆ ಒಂದು ಉಂಡೆ ಹುಣಸೆಹಣ್ಣು ಎಸೆದಳು. "ಚೀಪು. ತುರಿಕೆ ಇಳಿಯುತ್ತೆ. ಕಳ್ಳನಾದ್ರೂ ಸಾಯಬಾರದು" ಅಂದಳು. ಕಿರುಬಗಳಿಗೂ ಒಂದೊಂದು ತುಂಡು ಕೊಟ್ಟಳು. ಅವು ಹುಣಸೆ ಕಚ್ಚಿಕೊಂಡೇ ಕಾಲಿಗೆ ಬುದ್ಧಿ ಹೇಳಿದವು.

ಈಗ ಬೋರಣ್ಣ ಹೊಣೆಬಂಡೆ ಹತ್ತಿದ. ಗಂಟೆ ಬಾರಿಸಿ ಕೂಗಿದ. "ಕೇಳ್ರಪ್ಪೋ! ಮಾವಿನ ಭರಣಿ, ನಿಂಬೆ ಭರಣಿ, ನೆಲ್ಲಿ, ಕಳಲೆ, ಅಮಟೆ! ಮಾಸ್ತಮ್ಮಕ್ಕನ ಸಾಮಾನು! ಇವತ್ತು ಸಂಜೆಯೊಳಗೆ ಅತ್ತಿಮರದ ಬುಡಕ್ಕೆ! ನಾನು ಬೋರಣ್ಣ ಹೊಣೆ!" ಆ ಕೂಗು ಬೆಟ್ಟಕ್ಕೆ ಬಡಿದು ವಾಪಸ್ಸು ಬಂತು. ಮಾಸ್ತಮ್ಮನ ಎದೆಯ ಭಾರ ಇಳಿದಂತಾಯಿತು.

ಬೋರಣ್ಣ ಭರಣಿಗಳ ನಡುವೆ ಒಣಹುಲ್ಲು ತುರುಕಿ, ಹಗ್ಗ ಬಿಗಿದು ಹೊರಟ. ಹೊಳೆ ದಾಟಿದ. ಬೆಟ್ಟ ಹತ್ತಿದ. ಇನ್ನೇನು ಪಟ್ಟಣದ ಬಾಗಿಲು ಬಂತು ಅನ್ನುವಷ್ಟರಲ್ಲಿ ಅವನ ಗೊರಸಿನಡಿ ಒಂದು ಕಲ್ಲು ಜಾರಿತು. ಅವನು ವಾಲಿದ. ಫಟ್! ನಿಂಬೆ ಭರಣಿ ಬಿದ್ದು ಚೂರುಚೂರಾಯಿತು.

ಮಾಸ್ತಮ್ಮನ ಜೀವ ಬಾಯಿಗೆ ಬಂತು. ಇನ್ನು ಇವನೂ ಬಿಟ್ಟು ಓಡುತ್ತಾನೋ, ಇಲ್ಲಾ "ಕಲ್ಲು ಇದೆ ಅಂತ ನೀನು ಹೇಳಲಿಲ್ಲ" ಅನ್ನುತ್ತಾನೋ ಅಂತ ಅವನ ಮುಖವನ್ನೇ ನೋಡಿದಳು.

ಬೋರಣ್ಣ ನಿಂತಲ್ಲೇ ನಿಂತ. ಕೊರಳು ಅಲ್ಲಾಡಿಸಿ ಗಂಟೆ ಬಾರಿಸಿದ. ಬೀದಿಯವರೆಲ್ಲ ಹೊರಗೆ ಬಂದರು. "ನಿಂಬೆ ಭರಣಿ ಒಡೀತು. ಒಡೆದಿದ್ದು ನನ್ನಿಂದ. ಹೊಣೆ ನಂದು" ಅಂದ. ಅಷ್ಟೇ ಅಂದದ್ದು. ಉಳಿದ ಭರಣಿಗಳನ್ನು ಅತ್ತಿಮರದ ಬುಡದಲ್ಲಿ ಒಂದೊಂದಾಗಿ ಇಳಿಸುವಷ್ಟರಲ್ಲಿ ಕಣಜದಿಂದ ಹೊಸ ಭರಣಿ ಬಂತು. ಜೊತೆಗೆ ಒಂದು ಬುಟ್ಟಿ ರಸಭರಿತ ನಿಂಬೆಹಣ್ಣು, ಉಪ್ಪು, ಖಾರದಪುಡಿ. ಕೇಳಬೇಕಾಗಲಿಲ್ಲ, ಬೇಡಬೇಕಾಗಲಿಲ್ಲ.

ಮಾಸ್ತಮ್ಮನ ಕಣ್ಣು ತುಂಬಿ ಬಂತು. ಅವಳು ಮಾವಿನಕಾಯಿಯ ಅತಿ ದೊಡ್ಡ ಭರಣಿ ತೆಗೆದು ಬೋರಣ್ಣನ ಮುಂದಿಟ್ಟಳು. "ತಗೊಳಪ್ಪಾ, ನಿನ್ನ ಕೂಲಿ. ನಿನ್ನೆ ಇದು ಜಾಸ್ತಿ ಅಂತ ಅನ್ನಿಸಿತ್ತು. ಇವತ್ತು ಸಂತೋಷವಾಗಿ ಕೊಡ್ತಾ ಇದ್ದೀನಿ."

ಹೊತ್ತು ಮುಳುಗಿರಲಿಲ್ಲ, ಅಷ್ಟರಲ್ಲೇ ಅಂಗಡಿ ತೆರೆಯಿತು! ಭರಣಿಯ ಬಟ್ಟೆ ಬಿಚ್ಚಿದ್ದೇ ತಡ, ಒಗ್ಗರಣೆಯ ಘಮ ಗಲ್ಲಿಗಲ್ಲಿ ಸುತ್ತಿತು. ಮಂಗಗಳು ಛಾವಣಿಯಿಂದ ಜಿಗಿದು ಬಂದವು, ಮೊಲಗಳು ಮರಿಗಳನ್ನು ಎಳೆದುಕೊಂಡು ಬಂದವು. ಎಲ್ಲರಿಗಿಂತ ಮುಂದೆ ಎಲೆ ಹಿಡಿದು ನಿಂತವನು ಯಾರು ಗೊತ್ತೇ? ಕರಡಿ! "ಜಾಗ ಹೋದ್ರೆ ಹೋಯ್ತು, ಅಮಟೆಕಾಯಿ ಎರಡು ಜಾಸ್ತಿ ಹಾಕಮ್ಮಾ" ಅಂದ. ಮಾಸ್ತಮ್ಮ ಗಹಗಹಿಸಿ ನಕ್ಕು ನಾಲ್ಕು ಹಾಕಿದಳು. ಪಟ್ಟಣದ ನೆತ್ತಿಯ ಮೇಲೆ ಹುಣ್ಣಿಮೆ ಚಂದ್ರ ಬಂದಾಗ ಅತ್ತಿಮರದ ಕೆಳಗೆ ಕಾಲಿಡಲೂ ಜಾಗ ಇರಲಿಲ್ಲ.

ನೀತಿ: ಕಡಿಮೆಗೆ ಬಂದರೆಂದು ಗುರುತು ಪರವಾನಗಿ ಇಲ್ಲದವರ ಕೈಗೆ ಮನೆಸಾಮಾನು ಕೊಡಬಾರದು, ಒಡೆದರೆ ಓಡಿಹೋಗದೆ, ನಿಂತು ನಷ್ಟ ಕಟ್ಟಿಕೊಡುವ ಹೊಣೆ ಹೊತ್ತವರನ್ನೇ ಕರೆಯಬೇಕು.