ಖಾಲಿ ತಾಟಿನ ತುತ್ತು

ಒಂದು ಪೇಟೆ ಊರಿನಲ್ಲಿ ಸಾವಂತ್ರೆವ್ವ ಎಂಬಾಕೆಯ ಖಾನಾವಳಿ ಇತ್ತು. ಮುಂದಿನ ಪಡಸಾಲೆಯಲ್ಲಿ ಗಿರಾಕಿಗಳ ಊಟ, ನಡುವೆ ಅಡುಗೆಮನೆ, ಅದರ ಹಿಂದೆ ಮನೆಯವರು ಮಲಗುವ ಕೋಣೆ. ಹಿತ್ತಲ ಬಾಗಿಲ ಪಕ್ಕದಲ್ಲಿ ಕಟ್ಟಿಗೆ ಒಟ್ಟುವ ಕತ್ತಲೆ ಕೋಣೆಯೊಂದಿತ್ತು. ಬಸ್ಸಿನ ಡ್ರೈವರುಗಳು, ಶಾಲೆಯ ಮಾಸ್ತರರು, ಹತ್ತಿ ಅಂಗಡಿಯ ಹಮಾಲರು, ಎಲ್ಲರೂ ಮಧ್ಯಾಹ್ನ ಅಲ್ಲಿಗೇ ಬರುತ್ತಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಗಟ್ಟಿ ಮೊಸರು. ಆ ಮನೆಯಿಂದ ಯಾರೂ ಅರೆಹೊಟ್ಟೆಯಲ್ಲಿ ಎದ್ದು ಹೋಗಿರಲಿಲ್ಲ.

ಸಾವಂತ್ರೆವ್ವ ಬಡಿಸುವಳು. ಮಗ ಮುರಿಗೆಪ್ಪ ಬಂದವರನ್ನು ಕೂಡಿಸಿ ನೀರು ಕೊಡುವನು, ಸಂತೆಯಿಂದ ಕಾಯಿಪಲ್ಯ ತರುವನು. ಸೊಸೆ ದಾನಮ್ಮ ಬೆಳಗಿನಿಂದ ಒಲೆಯ ಮುಂದೆ ರೊಟ್ಟಿ ಬಡಿಯುವಳು. ಮೂವರಿಗೂ ಕೂರಲು ಪುರುಸೊತ್ತಿರಲಿಲ್ಲ. ಅವರ ಕಾಲುಗಳ ನಡುವೆ ದಾನಮ್ಮನ ಕೂಸು ಓಡಾಡಿಕೊಂಡಿತ್ತು. ಹೆಸರು ಸುವರ್ಣಾ. ಎಲ್ಲರೂ ಸುವ್ವಿ ಅನ್ನುತ್ತಿದ್ದರು, ಅವಳು ಅಜ್ಜಿಯನ್ನು ಆಯಿ ಅನ್ನುತ್ತಿದ್ದಳು. ಇನ್ನೂ ಮೂರು ತುಂಬಿರಲಿಲ್ಲ.

ಸುವ್ವಿ ಬೆಳಿಗ್ಗೆ ಎದ್ದಾಗ ಯಾರೋ ಒಬ್ಬರು ಚಹಾದಲ್ಲಿ ಬಿಸ್ಕೀಟು ಅದ್ದಿ ಕೈಗೆ ಕೊಡುತ್ತಿದ್ದರು. ಮಧ್ಯಾಹ್ನ ಅತ್ತರೆ ಒಂದು ತುಂಡು ರೊಟ್ಟಿ. ಅದನ್ನು ಅವಳು ಹಿಡಿದುಕೊಂಡು ತಿರುಗುತ್ತಿದ್ದಳು. ಅರ್ಧ ನೆಲಕ್ಕೆ ಬೀಳುತ್ತಿತ್ತು, ಅರ್ಧ ಬೆಕ್ಕಿನ ಪಾಲಾಗುತ್ತಿತ್ತು. ಅತ್ತೆ ಉಣಿಸಿರಬಹುದು ಎಂದು ದಾನಮ್ಮ ಅಂದುಕೊಳ್ಳುವಳು. ಹೆತ್ತವಳು ಉಣಿಸದೆ ಬಿಟ್ಟಾಳೆಯೇ ಎಂದು ಸಾವಂತ್ರೆವ್ವ ಅಂದುಕೊಳ್ಳುವಳು. ಇಬ್ಬರು ಹೆಂಗಸರಿರುವ ಮನೆಯಲ್ಲಿ ಇದನ್ನು ಕೇಳುವುದೇನಿದೆ ಎಂದು ಮುರಿಗೆಪ್ಪ ಅಂದುಕೊಳ್ಳುವನು.

ಮೊದಮೊದಲು ಕೂಸು ಅಳುತ್ತಿತ್ತು. ಆಮೇಲೆ ಅಳುವುದು ನಿಂತಿತು. ಮನೆಯವರಿಗೆ ಅದೇ ಒಂದು ನೆಮ್ಮದಿಯಾಯಿತು.

ಒಂದು ದಿನ ದಾನಮ್ಮ ಕೈ ಬಿಡುವಾದಾಗ ಅನ್ನ ಕಲಸಿಕೊಂಡು ಬಂದಳು. ಸುವ್ವಿ ತುಟಿ ಬಿಗಿಹಿಡಿದಳು.

"ಒಲ್ಲೆ. ನಾ ಉಂಡೀನಿ" ಅಂದಳು.

"ಯಾರು ಉಣಿಸಿದ್ರು ಕೂಸ? ಆಯಿ ಉಣಿಸಿದಳೇನು?"

ಸುವ್ವಿ ಇಲ್ಲವೆಂದು ತಲೆಯಾಡಿಸಿದಳು. ಹಿತ್ತಲ ಕಡೆ ಬೆರಳು ತೋರಿಸಿದಳು. ಅಷ್ಟರಲ್ಲಿ ಹೊರಗಿನಿಂದ ಯಾರೋ ಮಜ್ಜಿಗೆ ಕೇಳಿದರು. ದಾನಮ್ಮ ಎದ್ದು ಹೋದಳು.

ಮುಂದೆ ಕೂಸು ದಿನವೂ ಹಾಗೇ ಹೇಳತೊಡಗಿತು. ಮುಖದಲ್ಲಿ ಉಂಡವರ ತೃಪ್ತಿ ಇರುತ್ತಿತ್ತು, ಬೆರಳುಗಳನ್ನು ನೆಕ್ಕಿಕೊಳ್ಳುತ್ತಿತ್ತು. ಆದರೆ ಕೊರಳು ಸಣ್ಣಗಾಯಿತು. ಕೂದಲು ಕೆಂಚಗಾಯಿತು. ಕಣ್ಣು ದೊಡ್ಡವಾದವು. ಕಾಲಲ್ಲಿದ್ದ ಗೆಜ್ಜೆ ಒಂದು ದಿನ ತಾನಾಗಿ ಕಳಚಿ ಬಿತ್ತು.

ಮೂವರೂ ಕೂಸನ್ನು ಊರಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಅವರು ಎಲ್ಲ ತಪಾಸಣೆ ಮಾಡಿ, "ರೋಗ ಅಂತ ಏನೂ ಕಾಣಿಸೋದಿಲ್ಲ. ನಿನ್ನೆ ಇಡೀ ದಿನ ಏನೇನು ತಿಂದಿದೆ, ಹೇಳಿ" ಅಂದರು.

ದಾನಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಮಗನ ಮುಖ ನೋಡಿದಳು. ಊರಿಗೆಲ್ಲ ಉಣಬಡಿಸುವ ಮೂವರೂ ತಲೆ ತಗ್ಗಿಸಿದರು.

"ಇಷ್ಟು ಸಣ್ಣ ಮಕ್ಕಳ ಹೊಟ್ಟೆನೂ ಸಣ್ಣದು" ಅಂದರು ಡಾಕ್ಟರ್. "ಒಂದೇ ಸಲಕ್ಕೆ ತುಂಬೋದಿಲ್ಲ. ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ ಕೊಡಿ. ಚಹಾ, ಬಿಸ್ಕೀಟು ಬಿಡಿಸಿ. ಬೇಳೆ, ಕಾಳು, ಶೇಂಗಾ ಪುಡಿ, ಮೊಸರು, ತುಪ್ಪ, ಎಲ್ಲಾ ನಿಮ್ಮ ಅಡುಗೆಮನೆಯಲ್ಲೇ ಇದೆ. ಮುಖ್ಯವಾಗಿ, ಯಾರಾದರೂ ಒಬ್ಬರು ಎದುರಿಗೆ ಕೂತು ಉಣಿಸಿ."

ಮೂವರೂ ಹೂಂ ಅಂದರು. ಮರುದಿನ ಸಂತೆ. ಗಿರಾಕಿಗಳು ಬಾಗಿಲವರೆಗೂ ನಿಂತಿದ್ದರು. ಉಳಿದಿಬ್ಬರಲ್ಲಿ ಯಾರಾದರೂ ನೆನಪಿಟ್ಟಿರುತ್ತಾರೆ ಎಂದು ಮೂವರೂ ಅಂದುಕೊಂಡರು.

ಆ ಮಧ್ಯಾಹ್ನವೇ ಒಲೆಗೆ ಕಟ್ಟಿಗೆ ತೀರಿತು. ದಾನಮ್ಮ ಹಿಟ್ಟಿನ ಕೈಯಲ್ಲೇ ಕಟ್ಟಿಗೆ ಕೋಣೆಗೆ ಬಂದಳು. ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ಮಾತು ಕೇಳಿಸಿತು. ಹೆಂಗಸಿನ ದನಿ, ತುಂಬ ಮೆತ್ತಗಿನ ದನಿ.

"ಇದು ಗುಬ್ಬಿ ತುತ್ತು. ಆ ಅನ್ನು. ಇದು ಗಿಣಿ ತುತ್ತು. ಅವಸರ ಇಲ್ಲವ್ವಾ, ಅವಸರ ಇಲ್ಲ. ನಾ ಎಲ್ಲಿಗೂ ಹೋಗಂಗಿಲ್ಲ."

ದಾನಮ್ಮ ಇಣುಕಿದಳು. ಕಟ್ಟಿಗೆ ರಾಶಿಯ ಮುಂದೆ ಒಬ್ಬ ಹೆಂಗಸು ಕುಳಿತಿದ್ದಳು. ಸೀರೆಗೆ ಇಂಥದೇ ಬಣ್ಣ ಎಂದು ಹೇಳುವಂತಿರಲಿಲ್ಲ. ಮುಖ ಎಲ್ಲೋ ಕಂಡ ಹಾಗಿತ್ತು, ಯಾರದೆಂದು ನೆನಪಾಗುತ್ತಿರಲಿಲ್ಲ. ಅವಳ ಮುಂದೊಂದು ತಾಟು. ತಾಟಿನಲ್ಲಿ ಏನೂ ಇರಲಿಲ್ಲ. ಅವಳು ಬೆರಳು ಕೂಡಿಸಿ ಆ ಏನೂ ಇಲ್ಲದ್ದನ್ನೇ ಕಲಸಿದಳು, ತುತ್ತು ಮಾಡಿದಳು, ಸುವ್ವಿಯ ಬಾಯಿಗಿಟ್ಟಳು. ಸುವ್ವಿ ಅಗಿದಳು. ಅಗಿಯುವ ಸಪ್ಪಳ ದಾನಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ನುಂಗಿ, ಸುವ್ವಿ ಆ ಮುಖವನ್ನೇ ನೋಡುತ್ತ ಮತ್ತೆ ಬಾಯಿ ತೆರೆದಳು.

ದಾನಮ್ಮ ಬಾಗಿಲು ತಳ್ಳಿದಳು.

"ಯಾರ ನೀ? ನನ್ನ ಕೂಸಿಗೆ ಏನ್ ಮಾಡಾಕತ್ತೀ?"

ಹೆಂಗಸು ಗಾಬರಿಯಾಗಲಿಲ್ಲ. "ಉಣಸಾಕತ್ತೀನಿ" ಅಂದಳು. "ಕೂಸು ಬಾಯಿ ತೆರಕೊಂಡು ಕೂತಿತ್ತು. ಯಾರೂ ಬರಲಿಲ್ಲ. ನಾ ಬಂದೆ."

"ತಾಟಿನ್ಯಾಗ ಏನೂ ಇಲ್ಲ!"

"ಇಲ್ಲ. ಆದ್ರ ನಾ ಎದುರಿಗೆ ಅದೀನಿ. ನಿಮ್ಮ ತಾಟಿನ್ಯಾಗ ಎಲ್ಲಾ ಐತಿ, ಎದುರಿಗೆ ಯಾರೂ ಇಲ್ಲ. ಆಕಿಗೆ ನನ್ನ ತಾಟು ರುಚಿ ಹತ್ತೇತಿ."

ದಾನಮ್ಮ ಕೂಸನ್ನು ಬಾಚಿಕೊಂಡಳು. ಹೆಂಗಸು ತಡೆಯಲಿಲ್ಲ. ಕುಳಿತಲ್ಲಿಂದಲೇ ಅಂದಳು: "ಒಯ್ಯಿ. ನಾ ಎಳಕೊಂಡು ಹೋಗಾಕಿ ಅಲ್ಲ. ಆಕಿ ಸಾಕು ಅನ್ನೋತನಾ ಏಳದಂಗ ಕುಂತು, ಒಂದು ಊಟ ಉಣಸು. ಅಷ್ಟಾದ್ರ ನಾ ಈ ಮನಿ ಬಿಡತೀನಿ."

ದಾನಮ್ಮ ಅಡುಗೆಮನೆಯ ಮೂಲೆಯಲ್ಲಿ ಕುಳಿತಳು. ಮೆತ್ತಗಿನ ಅನ್ನಕ್ಕೆ ಬೇಳೆ, ತುಪ್ಪ ಹಾಕಿ ಕಲಸಿದಳು. ಸುವ್ವಿ ಮುಖ ತಿರುಗಿಸಿದಳು. ದಾನಮ್ಮ ಅವಳ ಬೆನ್ನು ಸವರಿದಳು, ಗುಬ್ಬಿಯ ಹೆಸರು ಹೇಳಿದಳು. ಬಹಳ ಹೊತ್ತಿಗೆ ಒಂದು ತುತ್ತು ಒಳಗೆ ಹೋಯಿತು.

"ದಾನಮ್ಮಾ! ರೊಟ್ಟಿ ಎಲ್ಲಿ?" ಅತ್ತೆ ಪಡಸಾಲೆಯಿಂದ ಕೂಗಿದಳು.

ದಾನಮ್ಮ ಏಳಲಿಲ್ಲ.

"ದಾನಮ್ಮಾ! ಮಂದಿ ಕೈ ಒಣಗಿಸಿಕೊಂಡು ಕುಂತಾರ! ಕಿವಿ ಕೇಳಸಾಕತ್ತಿಲ್ಲೇನು?"

ಆಮೇಲೆ ಗಂಡನ ದನಿ, ಗಿರಾಕಿಗಳ ದನಿ, ತಾಟು ಕುಟ್ಟುವ ಸಪ್ಪಳ. ದಾನಮ್ಮ ತಡೆದುಕೊಂಡಳು, ತಡೆದುಕೊಂಡಳು, ಕಡೆಗೆ "ಈಗ ಬಂದೆ ಕೂಸ" ಎಂದು ಎದ್ದು, ರೊಟ್ಟಿಯ ಬುಟ್ಟಿ ಬಾಗಿಲಲ್ಲಿಟ್ಟು ತಿರುಗಿದಳು. ಮೂಲೆಯಲ್ಲಿ ಸುವ್ವಿ ಇರಲಿಲ್ಲ. ಕಟ್ಟಿಗೆ ಕೋಣೆಯಿಂದ ಅಗಿಯುವ ಸಪ್ಪಳ ಬರುತ್ತಿತ್ತು.

"ನಾಳಿ ಮಧ್ಯಾಹ್ನ ಇನ್ನೊಂದು ಸಲ" ಅಂದಿತು ಒಳಗಿನ ದನಿ. "ನಾಳಿನೂ ಎದ್ದರ, ಮುಂದ ಆಕಿಗೆ ನಿಮ್ಮ ಅನ್ನದ ವಾಸನಿನೂ ಬ್ಯಾಡಾಗತೇತಿ."

ದಾನಮ್ಮ ಕೂಸನ್ನು ಎತ್ತಿ ತಂದಳು. ಗಿರಾಕಿಗಳೆಲ್ಲ ಹೋದ ಮೇಲೆ ಅಳುತ್ತಾ ನಡೆದದ್ದನ್ನು ಹೇಳಿದಳು. ಮುರಿಗೆಪ್ಪ ಓಡಿಹೋಗಿ ಕೋಣೆ ನೋಡಿ ಬಂದ. ಅಲ್ಲಿ ಕಟ್ಟಿಗೆ ಮಾತ್ರ ಇತ್ತು.

"ಒಲಿ ಝಳಕ್ಕ ತಲಿ ತಿರಗೇತಿ ನಿನಗ" ಅಂದಳು ಸಾವಂತ್ರೆವ್ವ. "ಎಲ್ಲಾರೂ ಮಕ್ಕಳನ್ನ ಹಿಂಗ ಬೆಳಸ್ಯಾರ." ಅನ್ನುತ್ತಲೇ ಮೊಮ್ಮಗಳನ್ನು ಎತ್ತಿಕೊಳ್ಳಲು ಬಗ್ಗಿದಳು. ಎಷ್ಟೋ ದಿನವಾಗಿತ್ತು ಅವಳು ಕೂಸನ್ನು ಎತ್ತಿಕೊಂಡು. ತುಂಬಿದ ಕೊಡವೆಂದು ಬಲ ಹಾಕಿ ಎತ್ತಿದರೆ ಖಾಲಿ ಕೊಡ ಮೇಲೆ ಬಂದುಬಿಡುತ್ತದಲ್ಲ, ಹಾಗಾಯಿತು. ಒಂದು ಅಂಗಿಯಷ್ಟೂ ಭಾರವಿರಲಿಲ್ಲ. ಮುದುಕಿ ಕೂಸನ್ನು ಎದೆಗವಚಿಕೊಂಡು ಅಲ್ಲೇ ಕುಳಿತಳು.

ಆಮೇಲೆ ಅವಳೇ ಅಂದಳು: "ನಾಳಿ ಬಾಗಿಲ ತೆಗಿಯೂದು ಬ್ಯಾಡ. ಎಲ್ಲಾರೂ ಕೂಡೂಣು."

ಮರುದಿನ ಖಾನಾವಳಿಯ ಬಾಗಿಲು ಮುಚ್ಚಿತ್ತು. ಅಡುಗೆಮನೆಯ ನಡುವೆ ಚಾಪೆ ಹಾಸಿ ಮೂವರೂ ಸುವ್ವಿಯ ಸುತ್ತ ಕುಳಿತರು. ಒಲೆ ಆರಿಸಿದ್ದರು. ದಾನಮ್ಮ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿದಳು. ಮೊದಲ ತುತ್ತು ಸುವ್ವಿ ಉಗುಳಿಬಿಟ್ಟಳು. ಎರಡನೆಯದನ್ನೂ ಉಗುಳಿದಳು.

ಆಗ ಪಡಸಾಲೆಯಿಂದ ಕೂಗು ಕೇಳಿಸಿತು.

"ದಾನಮ್ಮಾ! ರೊಟ್ಟಿ ಎಲ್ಲಿ? ಮಂದಿ ಕುಂತಾರ!"

ಅದು ಸಾವಂತ್ರೆವ್ವನ ದನಿ. ಸಾವಂತ್ರೆವ್ವ ಇಲ್ಲಿಯೇ, ಚಾಪೆಯ ಮೇಲೆ, ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಮುರಿಗೆಪ್ಪ ತಾಯಿಯ ತುಟಿಗಳನ್ನೇ ನೋಡಿದ. ಅವು ಅಲುಗಿರಲಿಲ್ಲ.

"ದಾನಮ್ಮಾ! ಕೂಸು ಎಲ್ಲಿಗೆ ಹೋಗತೇತಿ? ಆಮ್ಯಾಲ ಉಣಸೀಯಂತ, ಏಳು!"

ಸಾವಂತ್ರೆವ್ವ ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅವಳ ಕಣ್ಣಲ್ಲಿ ನೀರು ಬಂತು. ಸೊಸೆಯ ಭುಜದ ಮೇಲೆ ಕೈಯಿಟ್ಟು, "ಏಳಬ್ಯಾಡವಾ" ಎಂದು ಪಿಸುಗುಟ್ಟಿದಳು. "ಅದು ನಾ ಅಲ್ಲ."

ಆಮೇಲೆ ಮುರಿಗೆಪ್ಪನ ದನಿ ಕೂಗಿತು. ಅಂಗಿ ಎಲ್ಲಿ, ಚೀಲ ಎಲ್ಲಿ, ನೀರು ಕಾಸಿದೆಯೇನು ಎಂದು ಕೇಳಿತು. ಚಾಪೆಯ ಮೇಲಿದ್ದ ಮುರಿಗೆಪ್ಪ ಎರಡೂ ಕಿವಿ ಮುಚ್ಚಿಕೊಂಡ. ತಾಟು ಕುಟ್ಟುವ ಸಪ್ಪಳ ಎದ್ದಿತು. ಆರಿದ ಒಲೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

ಸುವ್ವಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಯಾರೂ ಏಳಂಗಿಲ್ಲೇನು?" ಎಂದು ಕೇಳಿದಳು.

"ಏಳಂಗಿಲ್ಲ ಕೂಸ" ಅಂದ ಮುರಿಗೆಪ್ಪ. "ನೀ ಸಾವಕಾಶ ಉಣ್ಣು."

ಸುವ್ವಿ ಬಾಯಿ ತೆರೆದಳು. ಒಂದು ತುತ್ತು ನುಂಗಿದಳು. ಇನ್ನೊಂದು. ಅಪ್ಪ ಬೆಲ್ಲದ ಚೂರು ಕೊಟ್ಟ. ಆಯಿ ಶೇಂಗಾ ಪುಡಿ ಉದುರಿಸಿದಳು. ತಾಟು ಅರ್ಧವಾಯಿತು.

ಇದ್ದಕ್ಕಿದ್ದಂತೆ ಕೂಗೆಲ್ಲ ನಿಂತಿತು. ಆ ಮೌನದಲ್ಲಿ ಕಟ್ಟಿಗೆ ಕೋಣೆಯಿಂದ ಒಂದು ಸಣ್ಣ ದನಿ ಅತ್ತಿತು.

"ಅವ್ವಾ, ನಾ ಇಲ್ಲೇ ಅದೀನಿ. ನೀ ಉಣಸಾಕತ್ತೀಯಲ್ಲ, ಅದು ನಾ ಅಲ್ಲ. ನನಗ ಹಸಿವಾಗೇತಿ. ಅವ್ವಾ, ಬಾ."

ಅದು ಸುವ್ವಿಯ ದನಿ. ಬಹಳ ಹಿಂದೆ ಅತ್ತು ಅತ್ತು ನಿಂತುಹೋಗಿದ್ದ ಅದೇ ಅಳು. ದಾನಮ್ಮ ಎದುರಿಗಿದ್ದ ಕೂಸನ್ನು ನೋಡಿದಳು. ಬಿಳುಚಿದ ಮುಖ, ದೊಡ್ಡ ಕಣ್ಣು. ಇದು ತನ್ನದೇ ಕೂಸೇ? ಹೊರಗಿನ ಅಳು ಏರಿತು. ದಾನಮ್ಮನ ಒಂದು ಮೊಣಕಾಲು ತಾನಾಗಿ ಮೇಲೆದ್ದಿತು. ತಾಯಿಯಾದವಳು ಕೂರುವುದಾದರೂ ಹೇಗೆ?

ಅಷ್ಟರಲ್ಲಿ ಎದುರಿಗಿದ್ದ ಸುವ್ವಿಗೆ ಬಿಕ್ಕಳಿಕೆ ಬಂತು. ಗಂಟಲಿಗೆ ರೊಟ್ಟಿ ಸಿಕ್ಕಿ ಕಣ್ಣಲ್ಲಿ ನೀರಾಡಿತು. ಅವಳು ತಾಯಿಯ ಸೆರಗು ಹಿಡಿದು ಜಗ್ಗಿದಳು.

"ಅವ್ವಾ, ನೀರು."

ದಾನಮ್ಮ ಕುಳಿತಳು. ಹೊರಗೆ ಕೂಗುವುದು ಏನೇ ಇರಲಿ, ಬಿಕ್ಕಳಿಸುವ ಕೂಸು ತನ್ನ ಮುಂದಿತ್ತು. ತಂಬಿಗೆಯೆತ್ತಿ ನೀರು ಕುಡಿಸಿದಳು, ಬೆನ್ನು ತಟ್ಟಿದಳು. ಹೊರಗೆ ಅಳು ಕಿರುಚಾಟವಾಯಿತು, ಕಿರುಚಾಟ ನಗೆಯಂತಾಯಿತು, ಆಮೇಲೆ ದೂರ ಸರಿಯಿತು. ಸುವ್ವಿ ಇನ್ನೂ ನಾಲ್ಕು ತುತ್ತು ಉಂಡಳು. ತಾಟಿನಲ್ಲಿ ಸ್ವಲ್ಪ ಉಳಿದಿರುವಾಗಲೇ ತಾಯಿಯ ಕೈ ಸರಿಸಿದಳು.

"ಸಾಕು" ಅಂದಳು.

ಹಿತ್ತಲ ಬಾಗಿಲು ತಾನಾಗಿ ತೆರೆದುಕೊಂಡಿತು. ಯಾರೋ ದಾಟಿ ಹೋದಂತೆ ತಣ್ಣನೆಯ ಗಾಳಿಯೊಂದು ಹೊರಗೆ ಹೋಯಿತು. ಸುವ್ವಿ ಆ ಕಡೆ ಕೈಬೀಸಿದಳು. ಆಮೇಲೆ ಆಯಿಯ ತೊಡೆಯ ಮೇಲೆ ಮಲಗಿ ನಿದ್ದೆಹೋದಳು. ಮುದುಕಿಗೆ ತೊಡೆಯ ಮೇಲೆ ಅಷ್ಟಿಷ್ಟು ಭಾರ ಗೊತ್ತಾಯಿತು. ಅವಳು ಅಲುಗಾಡದೆ ಹೊತ್ತು ಇಳಿಯುವವರೆಗೂ ಹಾಗೇ ಕುಳಿತಿದ್ದಳು.

ಒಂದೇ ಊಟಕ್ಕೆ ಕೂಸು ದುಂಡಗಾಗಲಿಲ್ಲ. ತಿಂಗಳುಗಳೇ ಹಿಡಿದವು. ಕೆಲವು ದಿನ ಮತ್ತೆ ಉಗುಳಿತು, ಹಟ ಮಾಡಿತು. ಆದರೆ ಅಂದಿನಿಂದ ಗಿರಾಕಿಗಳಿಗಿಂತ ಮೊದಲು ಸುವ್ವಿಯ ತಾಟು ಬಡಿಸುವುದಾಯಿತು. ಒಬ್ಬರು ಉಣಿಸಲು ಕುಳಿತರೆ ಉಳಿದಿಬ್ಬರು ಅವರ ಕೆಲಸ ಹೊತ್ತುಕೊಳ್ಳುತ್ತಿದ್ದರು. ಮುರಿಗೆಪ್ಪ ರೊಟ್ಟಿ ಬಡಿಯಲು ಕಲಿತ. ಅವನ ರೊಟ್ಟಿ ಸೊಟ್ಟಗಿರುತ್ತಿದ್ದವು. ಗಿರಾಕಿಗಳು ನಕ್ಕು ತಿಂದರು. ಸಾವಂತ್ರೆವ್ವ ಸೊಸೆಯನ್ನು ಕೂಗಬೇಕೆಂದು ಬಾಯಿ ತೆರೆದಾಗಲೆಲ್ಲ ಯಾಕೋ ಬೆಚ್ಚಿ ನಿಲ್ಲುತ್ತಿದ್ದಳು. ಆಮೇಲೆ ತಾನೇ ಎದ್ದು ಒಳಗೆ ಹೋಗಿ, ಬೇಕಾದದ್ದನ್ನು ತಾನೇ ತೆಗೆದುಕೊಳ್ಳುತ್ತಿದ್ದಳು.

ನೀತಿ: ಮನೆಯಲ್ಲಿ ಅನ್ನವಿದ್ದ ಮಾತ್ರಕ್ಕೆ ಮಗುವಿನ ಹೊಟ್ಟೆ ತುಂಬುವುದಿಲ್ಲ. ಎದುರಿಗೆ ಕುಳಿತು ಸಾವಕಾಶವಾಗಿ ಉಣಿಸುವವರು ಬೇಕು. ಅದು ತಾಯಿಯೊಬ್ಬಳ ಕೆಲಸವಲ್ಲ. ಅವಳು ಏಳದೆ ಕೂರುವಂತೆ ನೋಡಿಕೊಳ್ಳುವುದು ಇಡೀ ಮನೆಯ ಕೆಲಸ. ಯಾರೋ ಉಣಿಸಿರುತ್ತಾರೆ ಎಂದು ಎಲ್ಲರೂ ಸುಮ್ಮನಿರುವ ಮನೆಯಲ್ಲಿ ಮಗುವಿಗೆ ಯಾರೂ ಉಣಿಸಿರುವುದಿಲ್ಲ.