ಅಳಿವೆನಾಡಿನ ಗಾಳಿ ಹೊತ್ತೊಯ್ದದ್ದು

“ಅಳಿವೆನಾಡಿನ ಪ್ರಜೆಗಳೆಲ್ಲ ಕೇಳಿ. ರಾಣಿ ಪದ್ಮಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರ ಮಾತಿನಂತೆ ಒಂದು ವರ್ಷ ಅರಮನೆಯ ಕಣಜವೂ ಬೊಕ್ಕಸವೂ ನಡೆಯುತ್ತವೆ. ತಪ್ಪು ಹೇಳಿದವರ ತಲೆ ಉಳಿಯುವುದಿಲ್ಲ.”

ಡಂಗುರದವನು ಹೀಗೆ ಸಾರುತ್ತ ಹೋದಾಗ ಕೇಳಲು ಬೀದಿಯಲ್ಲಿ ಹೆಚ್ಚು ಜನರಿರಲಿಲ್ಲ. ಕೆಲವು ಮಳೆಗಾಲಗಳ ಹಿಂದೆ ಕಡಲಿನಿಂದೆದ್ದ ಬಿರುಗಾಳಿ ಆ ಪುಟ್ಟ ನಾಡನ್ನು ಮಲಗಿಸಿತ್ತು. ಹೊಳೆಯಾಚೆಯ ಸಿರಿವಂತ ನಾಡು ಹೊನ್ನಕಟ್ಟೆಗೂ ಅದೇ ಗಾಳಿ ಬಡಿದಿತ್ತು. ಹೊನ್ನಕಟ್ಟೆ ಬೇಗನೆ ಎದ್ದು ನಿಂತಿತು. ಅಳಿವೆನಾಡು ಏಳಲಿಲ್ಲ. ಮೊದಲು ಕೋಟೆ ಕಟ್ಟಿಸಿ ಎಂದರು ಆಸ್ಥಾನದವರು, ಆಮೇಲೆ ಸುಂಕ ಏರಿಸಿ ಎಂದರು. ಕೋಟೆ ಎದ್ದಿತು, ಸುಂಕ ಏರಿತು, ಊರುಗಳು ಬರಿದಾದವು. ಆಗಲೇ ರಾಣಿ ಹೇಳಿದ್ದು: “ತಪ್ಪು ಸಲಹೆಗೆ ಜನ ಸಾಯುತ್ತಿದ್ದಾರೆ. ಇನ್ನು ಹೇಳುವವರೂ ತಲೆ ಪಣಕ್ಕಿಟ್ಟು ಹೇಳಲಿ.”

ಮೊದಲು ಬಂದವನು ಆಸ್ಥಾನದ ಜೋಯಿಸ. ರಾಣಿ ಕೇಳಿದಳು: “ಒಂದೇ ಗಾಳಿ ಹೊಳೆಯ ಎರಡೂ ದಡದ ಮನೆ ಕೆಡವಿತು. ಆಚೆಯದು ಎದ್ದಿತು, ಈಚೆಯದು ಮಲಗೇ ಇದೆ. ಕೆಡವಿದ್ದು ಗಾಳಿ. ಏಳಗೊಡದೆ ಹಿಡಿದಿಟ್ಟದ್ದು ಯಾವುದು?”

“ಗ್ರಹಗತಿ” ಎಂದ ಜೋಯಿಸ. ಅವನ ತಲೆ ಹೋಯಿತು. ಮರುದಿನ ಹಡಗಿನ ವ್ಯಾಪಾರಿಯೊಬ್ಬ ಬಂದು “ನಮ್ಮವರ ಸೋಮಾರಿತನ” ಎಂದ. ಅವನ ತಲೆಯೂ ಹೋಯಿತು. ಆಮೇಲೆ ಅರಮನೆಯ ಬಾಗಿಲಿಗೆ ಯಾರೂ ಬರಲಿಲ್ಲ.

ಕೆಸರುಹಿತ್ಲು ಎಂಬ ಊರಿನ ನೇಕಾರ ಐತ ಅರಮನೆಗೆ ಹೊರಟಾಗ ತಾಯಿ ಅವನ ಕೈ ಹಿಡಿದುಕೊಂಡಳು. “ಹೋಗಬೇಡ ಮಗ. ಇದ್ದೊಬ್ಬನೂ ಹೋದರೆ ನನಗ್ಯಾರು?”

“ಹೀಗೇ ಕೂತಿದ್ದರೆ ಇಬ್ಬರೂ ಉಳಿಯುವುದಿಲ್ಲ ಅಮ್ಮ” ಎಂದು ಕೈ ಬಿಡಿಸಿಕೊಂಡ.

ರಾಣಿ ಅದೇ ಒಗಟು ಕೇಳಿದಳು.

“ಬರಿದಾದ ಅಟ್ಟ, ತಾಯಿ” ಎಂದ ಐತ. “ಅವರ ಅಟ್ಟದಲ್ಲಿ ಮುಂದಿನ ವರ್ಷದ ಅಕ್ಕಿಯಿತ್ತು. ಉಂಡು ಗೋಡೆ ಕಟ್ಟಿದರು. ನಾವು ಗಾಳಿಗೆ ಮೊದಲೂ ಅಂದು ದುಡಿದು ಅಂದು ಉಂಡವರು. ಮನೆ ಬಿದ್ದ ದಿನವೇ ಗಂಜಿ ಹುಡುಕಿಕೊಂಡು ಓಡಿದೆವು. ಗೋಡೆಗೆ ಕೈ ಎಲ್ಲಿ ಉಳಿಯಿತು?”

“ಸರಿ. ಬದುಕಲೆಂದು ಅದನ್ನು ಮಾರುತ್ತಾರೆ, ಮಾರಿದ ಮೇಲೆ ಬದುಕಲಾಗುವುದಿಲ್ಲ. ಏನದು?”

“ನನ್ನ ಮಗ್ಗ. ಬೆಸ್ತರ ದೋಣಿ, ಉಳುವವನ ಎತ್ತು. ಎಲ್ಲರೂ ಒಟ್ಟಿಗೆ ಮಾರಲು ನಿಂತೆವು, ಕಾಸಿನ ಬೆಲೆಗೆ ಹೋಯಿತು. ಕೊಂಡವರು ಆಚೆ ದಡದವರು. ಈಗ ನನ್ನದೇ ಮಗ್ಗದಲ್ಲಿ ನೇಯ್ದ ಬಟ್ಟೆ ನಮ್ಮ ಸಂತೆಗೆ ಬರುತ್ತಿದೆ.”

ರಾಣಿ ಸ್ವರ ತಗ್ಗಿಸಿದಳು. “ಗಾಳಿ ಅದನ್ನು ಮುಟ್ಟಲಿಲ್ಲ. ಇವತ್ತಿಗೂ ಓಡಾಡಿಕೊಂಡಿದೆ. ಆದರೂ ಅದನ್ನು ಕಳೆದುಕೊಂಡಿದ್ದೇವೆ. ಕಳೆದದ್ದು ತಿಳಿಯುವುದು ನಾವು ಮುದುಕರಾದ ಮೇಲೆ. ಏನದು?”

ಐತ ಹೊಳೆಯಾಚೆಯ ದಿಕ್ಕಿಗೆ ಮುಖ ತಿರುಗಿಸಿ ನಿಂತ. ತಲೆ ಕಡಿಯುವ ಆಳು ಕತ್ತಿ ಹಿಡಿದು ಎದ್ದ.

“ತಿಳಿಯಲಿಲ್ಲವೇ?” ಎಂದಳು ರಾಣಿ.

“ತಿಳಿದಿದೆ ತಾಯಿ. ಹೇಳಲು ನಾಲಗೆ ಏಳುತ್ತಿಲ್ಲ.” ಅವನು ಮುಖ ಒರೆಸಿಕೊಂಡ. “ನನ್ನ ತಂಗಿ ಅಕ್ಕು. ಮಗ್ಗದ ಮುಂದೆ ಕೂತು ಕಲಿಯುವ ವಯಸ್ಸು. ಹೊಟ್ಟೆಗಾದರೂ ಸಿಗಲಿ ಎಂದು ಹೊನ್ನಕಟ್ಟೆಯ ಮನೆಯೊಂದರಲ್ಲಿ ಪಾತ್ರೆ ತೊಳೆಯಲು ಬಿಟ್ಟುಬಂದೆ. ನಮ್ಮೂರ ಮಕ್ಕಳೆಲ್ಲ ಹಾಗೇ ಹೋದರು. ಅಕ್ಷರವಿಲ್ಲ, ಕಸುಬಿಲ್ಲ. ಅವರು ಬೆಳೆದು ದೊಡ್ಡವರಾದಾಗ ಈ ನಾಡನ್ನು ಎತ್ತಿ ನಿಲ್ಲಿಸಲು ಬಲ್ಲವರು ಯಾರಿರುತ್ತಾರೆ?”

“ಮೂರೂ ಸರಿ” ಎಂದಳು ರಾಣಿ. “ನನಗೂ ಗೊತ್ತಿತ್ತು. ಕಷ್ಟ ಉಂಡವರ ಬಾಯಿಂದಲೇ ಬಂದರೆ ಆಸ್ಥಾನದವರು ತಳ್ಳಿಹಾಕಲಾರರೆಂದು ಕಾದಿದ್ದೆ.”

“ಗೊತ್ತಿದ್ದ ಮೇಲೆ ಆ ಇಬ್ಬರ ತಲೆ ಯಾಕೆ ತೆಗೆಸಿದಿರಿ ತಾಯಿ?”

ರಾಣಿ ಕಣಜದ ಬೀಗದ ಕೈಗಳನ್ನು ಸೊಂಟದಿಂದ ಬಿಚ್ಚಿ ಅವನ ಕೈಗಿಟ್ಟು, ತಲೆ ತಗ್ಗಿಸಿ ಒಳಗೆ ಹೋದಳು.

ಐತನ ಮಾತಿನಂತೆ ಕೋಟೆಯ ಕೆಲಸ ನಿಂತಿತು. ಕಲ್ಲುಕುಟಿಗರು ಊರುಗಳಿಗೆ ಬಂದು ಗೋಡೆ ಎಬ್ಬಿಸಿದರು. ಬೊಕ್ಕಸದ ಹೊನ್ನು ಹೊಳೆ ದಾಟಿ ಹೋಗಿ ಮಗ್ಗ, ದೋಣಿ, ಎತ್ತುಗಳನ್ನು ತಂದಿತು. ಕಡೆಗೆ ಮಕ್ಕಳು ಬಂದರು. ಎಲ್ಲರೂ ಬರಲಿಲ್ಲ; ಕೆಲವರ ಗುರುತೇ ಸಿಗಲಿಲ್ಲ.

ಅಕ್ಕು ಬಂದಳು. ಉದ್ದಕ್ಕೆ ಬೆಳೆದಿದ್ದಳು, ಅಂಗೈ ಬೂದಿ ತಿಕ್ಕಿ ಒಡೆದಿತ್ತು. ಐತ ಅವಳನ್ನು ಮಗ್ಗದ ಮುಂದೆ ಕೂರಿಸಿ ಲಾಳಿ ಕೊಟ್ಟ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅಣ್ಣ, ಇದನ್ನು ಯಾವ ಕೈಯಲ್ಲಿ ಹಿಡಿಯುವುದು?”

ಐತ ಪಕ್ಕದಲ್ಲಿ ಕೂತು, ಅವಳ ಬಲಗೈಯ ಮೇಲೆ ತನ್ನ ಕೈಯಿಟ್ಟು, ಲಾಳಿಯನ್ನು ನೂಲಿನ ನಡುವೆ ಮೆಲ್ಲಗೆ ನೂಕಿದ.